ಹೊಸ ರೌಟರ್ ಬಂದ ಮ್ಯಾಲೆ ಪ್ಲಗ್, ಪ್ರಿಂಟರ್, ಲ್ಯಾಪ್‌ಟಾಪ್ ಒಂದೂ ವೈಫೈ ಹಿಡೀವಲ್ವು, ಏನ್ ಮಾಡ್ಲಿ?

ಠಾಣೆ_ಧಾರವಾಡ
ಎಲ್ಲಾರಿಗೂ ನಮಸ್ಕಾರ್ರಿ. ಠಾಣೆ ಘೋಡ್‌ಬಂದರ್ ರೋಡ್ ಕಡೆ ಇರ್ತೀವಿ. ಮೊನ್ನೆ ಫೈಬರ್ ಕಂಪನಿಯವ್ರು ಬಂದು ಹಳೇ ಡಬ್ಬಿ ತಗದು ಹೊಸಾದು ಕೂಡಿಸಿ ಹೋದ್ರು, ವೈಫೈ 6 ಐತಿ ಅಂದ್ರು. ಫೋನು, ಆಫೀಸಿನ ಲ್ಯಾಪ್‌ಟಾಪು ಮಸ್ತ್ ಓಡಾಕತ್ತಾವ, ಅದ್ರಾಗ ತಕರಾರಿಲ್ಲ. ಆದ್ರ ಗೀಸರಿಗೆ ಹಾಕಿದ್ದ ಸ್ಮಾರ್ಟ್ ಪ್ಲಗ್, ಮಗಳ ಸಾಲಿ ಕೆಲಸಕ್ಕ ಬೇಕಾದ ಪ್ರಿಂಟರ್, ನಮ್ಮ ಮನಿಯವ್ರ ಹಳೇ ಲ್ಯಾಪ್‌ಟಾಪ್ ಮೂರೂ ಬಂದ್. ವೈಫೈ ಹೆಸರು, ಪಾಸ್‌ವರ್ಡ್ ಹಳೇದ್ನ ಇಟ್ಟೀನಿ, ಒಂದ್ ಅಕ್ಷರ ಬದ್ಲಿ ಇಲ್ಲ.

ಪ್ರಿಂಟರಿಗೆ ಹೆಸರು ಕಾಣ್ತೈತಿ ಆದ್ರ ಪಾಸ್‌ವರ್ಡ್ ತಪ್ಪು ಅಂತೈತಿ. ಪ್ಲಗ್ಗಿನ ಆ್ಯಪ್ ಸುಮ್ಮ ತಿರಗ್ತಾನ ಇರ್ತೈತಿ, ಕಡೀಗೆ ಸಿಗಲಿಲ್ಲ ಅಂತೈತಿ. ಲ್ಯಾಪ್‌ಟಾಪಿಗಂತೂ ಆಜೂಬಾಜೂದವ್ರ ವೈಫೈ ಎಲ್ಲಾ ಕಾಣ್ತಾವ, ನಮ್ದೊಂದ್ ಬಿಟ್ಟು. ಫೈಬರ್ ಕಂಪನಿಗೆ ಫೋನ್ ಹಚ್ಚಿದ್ರ ನಿಮ್ ಸಾಮಾನು ಹಳೇವು, ಹೊಸಾವು ತಗೋರಿ ಅಂತಾರ, ಪ್ರಿಂಟರ್ ಕಂಪನಿಗೆ ಹಚ್ಚಿದ್ರ ರೌಟರ್ ಬದ್ಲಿ ಮಾಡ್ರಿ ಅಂತಾರ. ಎಲ್ಲಾದ್ರ ಮ್ಯಾಲೂ ವೈಫೈ ಅಂತನ ಬರದೈತಿ, ಮತ್ತ ಒಂದಕ್ಕೊಂದ್ಯಾಕ ಕೂಡಂಗಿಲ್ಲ? ರೊಕ್ಕ ಹಾಕಿ ಮೂರೂ ಹೊಸಾವು ತರಬೇಕೇನು?

ವಾಶಿ_ಮಂಡ್ಯ
ರೌಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?

ಠಾಣೆ_ಧಾರವಾಡ
ಮಾಡೀನ್ರಿ. ಫ್ಯಾಕ್ಟರಿ ರೀಸೆಟ್ಟೂ ಆತು.

ಮುಲುಂಡ್_ಕೇಬಲ್
ಏನೂ ಹೊಸದು ತಗೋಬೇಡಿ ಸರ್, ತಡೀರಿ. ನಿಮ್ಮ ಮೂರು ಸಾಮಾನಿಗೆ ಮೂರು ಬೇರೆ ಬೇರೆ ಕಾಯಿಲೆ, ಒಂದೇ ದಿನ ಶುರುವಾಗಿದ್ರಿಂದ ಒಂದೇ ಥರ ಕಾಣ್ತಿದೆ. ನನ್ನ ಕೆಲಸಾನೇ ಇದು, ಸೊಸೈಟಿ ಆಫೀಸು ಸಣ್ಣ ಪುಟ್ಟ ಕಂಪನಿಗಳಿಗೆ ನೆಟ್‌ವರ್ಕ್ ಹಾಕೋದು.

ಮೊದಲು ಪ್ರಿಂಟರ್. ಹೆಸರು ಕಾಣುತ್ತೆ, ಪಾಸ್‌ವರ್ಡ್ ಸರಿ ಇದ್ರೂ ತಪ್ಪು ಅನ್ನುತ್ತೆ ಅಂದ್ರೆ ಹೆಚ್ಚಾಗಿ ಅದು ಸೆಕ್ಯೂರಿಟಿ ಜಗಳ. ವೈಫೈಗೆ ಬೀಗ ಹಾಕೋ ಪದ್ಧತಿಗೆ ಡಬ್ಲ್ಯೂಪಿಎ ಅಂತಾರೆ. ಡಬ್ಲ್ಯೂಪಿಎ2 ಬಂದಿದ್ದು 2004ರಲ್ಲಿ, ಡಬ್ಲ್ಯೂಪಿಎ3 ಬಂದಿದ್ದು 2018ರಲ್ಲಿ. ಅದಕ್ಕಿಂತ ಮುಂಚೆ ತಯಾರಾದ ಪ್ರಿಂಟರಿಗೆ 3 ಅನ್ನೋದೇ ಗೊತ್ತಿಲ್ಲ, ರೌಟರ್ ಬರೀ 3ರಲ್ಲಿ ಕೂತಿದ್ರೆ ಮುಗೀತು. ಎರಡೂ ಸೇರಿದ ಮಿಕ್ಸೆಡ್ ಮೋಡ್ ಅಂತ ಇರುತ್ತೆ, ಹೇಳೋಕೆ ಅದರಲ್ಲಿ ಹಳೇದು ಹೊಸದು ಎರಡೂ ನಡೀಬೇಕು, ಆದ್ರೆ ಆ ಮೋಡ್ ಜೊತೆಗೆ ಪಿಎಂಎಫ್ ಅನ್ನೋದೊಂದು ಆನ್ ಆಗುತ್ತೆ. ಕನೆಕ್ಟ್ ಆಗು, ಬಿಟ್ಟು ಹೋಗು ಅಂತ ರೌಟರ್ ಕಳಿಸೋ ಸಂದೇಶಗಳಿಗೂ ರಕ್ಷಣೆ ಕೊಡೋ ವ್ಯವಸ್ಥೆ ಅದು. ಒಳ್ಳೇದೇ, ಆದ್ರೆ ಅದನ್ನ ಬರೀ ಆಪ್ಶನಲ್ ಅಂತ ಇಟ್ರೂ ಕೆಲವು ಹಳೇ ಸಾಮಾನು ಎಡವಿ ಬೀಳುತ್ತೆ.

ಪ್ಲಗ್‌ದು ಬೇರೆ ಕಥೆ. ವೈಫೈ ಓಡೋದು 2.4, 5 ಗಿಗಾಹರ್ಟ್ಸ್ ಅನ್ನೋ ರೇಡಿಯೋ ದಾರಿಗಳಲ್ಲಿ, ಅದಕ್ಕೇ ಬ್ಯಾಂಡ್ ಅನ್ನೋದು. ಈ ಅಗ್ಗದ ಪ್ಲಗ್, ಬಲ್ಬ್ ಒಳಗಿರೋ ಚಿಪ್ಪುಗಳಿಗೆ 2.4 ಗಿಗಾಹರ್ಟ್ಸ್ ಬಿಟ್ಟು ಇನ್ನೊಂದು ಗೊತ್ತಿಲ್ಲ. ನಮ್ಮ ಲೋಕಲ್ ಥರ ಅಂದ್ಕೊಳ್ಳಿ, 5 ಗಿಗಾ ಫಾಸ್ಟ್ ಲೋಕಲ್ಲು, ನಿಮ್ಮ ಪ್ಲಗ್ ಸ್ಲೋ ಗಾಡಿ ಮಾತ್ರ ನಿಲ್ಲೋ ಸ್ಟೇಷನ್ನು. ಹೊಸ ರೌಟರ್ ಎರಡಕ್ಕೂ ಒಂದೇ ಹೆಸರಿಟ್ಟು ಫೋನನ್ನ ತಾನೇ 5ಕ್ಕೆ ತಳ್ಳಿರುತ್ತೆ. ಸೆಟಪ್ ಮಾಡುವಾಗ ಕೆಲವು ಆ್ಯಪ್‌ಗಳು ಫೋನೂ ಪ್ಲಗ್ಗೂ ಒಂದೇ ಬ್ಯಾಂಡಲ್ಲಿವೆ ಅಂತ ನಂಬಿಕೊಂಡು ಪಾಸ್‌ವರ್ಡನ್ನ ಗಾಳಿಯಲ್ಲಿ ಕೂಗಿ ಹೇಳುತ್ತೆ, ಫೋನ್ 5ರಲ್ಲಿದ್ರೆ ಪ್ಲಗ್ಗಿಗೆ ಅದು ಕೇಳ್ಸೋದೇ ಇಲ್ಲ.

ಲ್ಯಾಪ್‌ಟಾಪ್ ನಿಮ್ಮೊಬ್ಬರ ವೈಫೈ ಮಾತ್ರ ತೋರ್ಸಲ್ಲ ಅಂದ್ರೆ ಅದರ ಡ್ರೈವರ್, ಅಂದ್ರೆ ವೈಫೈ ಕಾರ್ಡ್ ನಡೆಸೋ ಸಾಫ್ಟ್‌ವೇರ್, ಹಳೇದು. ವೈಫೈ 6 ಅಂದ್ರೆ 802.11ಎಎಕ್ಸ್, ಆ ರೌಟರ್ ತನ್ನ ಪರಿಚಯ ಹೇಳೋ ಸಿಗ್ನಲ್ಲಲ್ಲಿ ಹೊಸ ವಿವರಗಳು ಸೇರಿರುತ್ತೆ, ಕೆಲವು ಹಳೇ ಡ್ರೈವರ್‌ಗೆ ಅದು ಅರ್ಥ ಆಗದೆ ಪಟ್ಟಿಯಿಂದಲೇ ತೆಗೆದುಬಿಡುತ್ತೆ. ಕಾರ್ಡ್ ತಯಾರಕರ ವೆಬ್‌ಸೈಟಲ್ಲಿ ಹೊಸ ಡ್ರೈವರ್ ಇರುತ್ತೆ ನೋಡಿ, ಕಾರ್ಡ್ ಬದಲಿಸೋದು ಬೇಡ.

ಈಗ ಮಾಡಬೇಕಾದ್ದು: 2.4ಕ್ಕೆ ಬೇರೆ ಹೆಸರು ಕೊಡಿ, ಅದಕ್ಕೆ ಡಬ್ಲ್ಯೂಪಿಎ2 ಎಇಎಸ್ ಮಾತ್ರ ಇಡಿ, ಅಗಲ 20 ಮೆಗಾಹರ್ಟ್ಸ್, ಚಾನೆಲ್ 1, 6, 11ರಲ್ಲಿ ಯಾವುದು ಖಾಲಿ ಇದೆಯೋ ಅದು. 5ಕ್ಕೆ ಡಬ್ಲ್ಯೂಪಿಎ3 ಇರಲಿ, ನಿಮ್ಮ ಫೋನು ಆಫೀಸ್ ಲ್ಯಾಪ್‌ಟಾಪ್ ಅಲ್ಲಿರಲಿ.

ಔಂಧ್_ಬೆಳಗಾವಿ
ಇಷ್ಟೆಲ್ಲಾ ತಲಿಬ್ಯಾನಿ ಯಾಕ್ರಿ? ರೌಟರ್, ಪ್ಲಗ್, ಕ್ಯಾಮೆರಾ ಎಲ್ಲಾ ಒಂದ ಕಂಪನೀದು ತಗೊಂಡ್ ಬಿಡ್ರಿ. ನಾ ಪುಣೇದಾಗ ಹಂಗ ಮಾಡೀನಿ, ಒಂದ ಆ್ಯಪ್, ಎಲ್ಲಾ ಅದ್ರಾಗ.

ಮಾಟುಂಗಾ_ಶಿವಮೊಗ್ಗ
ಇದನ್ನ ನಾನು ಒಪ್ಪಲ್ಲ ಸರ್. ಒಂದೇ ಕಂಪನಿಯ ರೌಟರ್ ಆದ್ರೂ ಪ್ಲಗ್ ಒಳಗೆ ಅದೇ 2.4ರ ಚಿಪ್ ತಾನೆ ಇರೋದು, ಬ್ರ್ಯಾಂಡ್ ಹೆಸರು ಬದಲಾದ್ರೆ ರೇಡಿಯೋ ಬದಲಾಗುತ್ತಾ? ಆಮೇಲೆ ಆ ಕಂಪನಿ ಆ ಆ್ಯಪ್ ನಿಲ್ಲಿಸಿದ್ರೆ ಮನೆಯ ಸಾಮಾನೆಲ್ಲ ಒಟ್ಟಿಗೆ ಕೂತುಬಿಡುತ್ತೆ.

ವೈಫೈ ಅನ್ನೋ ಹೆಸರು ಹುಟ್ಟಿದ್ದೇ ಈ ಒಂದೇ ಕಂಪನಿ ಅನ್ನೋ ಕಟ್ಟು ಮುರಿಯೋಕೆ. 1997ರಲ್ಲಿ 802.11 ಅನ್ನೋ ಮಾನದಂಡ ಬಂತು, ಆದ್ರೆ ಒಬ್ಬರ ಕಾರ್ಡು ಇನ್ನೊಬ್ಬರ ಪೆಟ್ಟಿಗೆಗೆ ಸೇರುತ್ತೆ ಅನ್ನೋ ಖಾತ್ರಿ ಇರಲಿಲ್ಲ, ಅದಕ್ಕೇ 1999ರಲ್ಲಿ ಕಂಪನಿಗಳು ಕೂಡಿ ಒಂದು ಸಂಘ ಮಾಡ್ಕೊಂಡು ಪರೀಕ್ಷೆ ಮಾಡಿ ಮುದ್ರೆ ಹಾಕೋಕೆ ಶುರು ಮಾಡಿದ್ದು, ಅದೇ ಈಗಿನ ವೈಫೈ ಅಲಯನ್ಸ್. ಡಬ್ಬಿ ಮೇಲೆ ವೈಫೈ ಅಂತ ಬರೆದಿರೋದೆಲ್ಲ ಆ ಪರೀಕ್ಷೆ ಪಾಸಾಗಿರಲ್ಲ, ಅಗ್ಗದ ಪ್ಲಗ್‌ಗಳಲ್ಲಂತೂ ಎಷ್ಟೋ ಆ ಕಡೆ ಹೋಗೇ ಇರಲ್ಲ. ಪಾಸಾದ್ರೂ ಯಾವ ವರ್ಷದ ಪರೀಕ್ಷೆ ಅನ್ನೋದು ಮುಖ್ಯ, ಸರ್ಟಿಫಿಕೇಟ್ ಬೇಕಾದ್ರೆ ಡಬ್ಲ್ಯೂಪಿಎ3 ಕಡ್ಡಾಯ ಅಂತ ಆಗಿದ್ದು 2020ರ ಜುಲೈಯಿಂದ.

ನನ್ನ ಸಿಟ್ಟು ಅಂಗಡಿಯವರ ಮೇಲಲ್ಲ, ಡಬ್ಬಿ ಮೇಲೆ. ಫ್ಯಾನ್ ಮೇಲೆ ವಾಟ್ ಎಷ್ಟು ಅಂತ ಬರೀತಾರೆ, ಫ್ರಿಜ್ ಮೇಲೆ ನಕ್ಷತ್ರ ಅಂಟಿಸ್ತಾರೆ. ಪ್ಲಗ್ ಮೇಲೆ 2.4 ಮಾತ್ರ, ಡಬ್ಲ್ಯೂಪಿಎ2 ಮಾತ್ರ ಅಂತ ದೊಡ್ಡಕ್ಷರದಲ್ಲಿ ಒಂದು ಸಾಲು ಹಾಕೋಕೆ ಏನು ಕಷ್ಟ? ಹಾಕಿದ್ರೂ ಹಿಂದೆ ಇರುವೆ ಸೈಜಲ್ಲಿ ಹಾಕಿರ್ತಾರೆ. ಇದು ಗಿರಾಕಿ ಹಕ್ಕಿನ ಪ್ರಶ್ನೆ ಅಂತ ನಾನು ತಿಳ್ಕೊಂಡಿದೀನಿ.

ಔಂಧ್_ಬೆಳಗಾವಿ
ಅದು ಖರೆ, ಆದ್ರ ಮೆಶ್, ಅಂದ್ರ ಎರಡ್ಮೂರು ಡಬ್ಬಿ ಕೂಡಿ ಮನಿತುಂಬ ಒಂದ ವೈಫೈ ಕೊಡೂ ವಿಷಯದಾಗ, ಒಂದ ಕಂಪನಿ ಬೇಕ ಬೇಕು. ನಮ್ಮ ಮನಿಯಾಗ ಎರಡ್ ಬ್ಯಾರೆ ಬ್ಯಾರೆ ಕಂಪನಿ ಮೆಶ್ ಡಬ್ಬಿ ಕೂಡಸಾಕ ಹೋದ್ರ ಆಗ್ಲೇ ಇಲ್ಲ.

ಮುಲುಂಡ್_ಕೇಬಲ್
ಮೆಶ್‌ನಲ್ಲಿ ನಿಮ್ಮ ಮಾತು ಸರಿ. ಈಸಿಮೆಶ್ ಅಂತ ಎಲ್ಲರಿಗೂ ಒಂದೇ ಪದ್ಧತಿ 2018ರಲ್ಲೇ ಬಂತು, ಆದ್ರೂ ಬಹಳ ಕಂಪನಿಗಳು ತಮ್ಮದೇ ಪದ್ಧತಿ ಬಿಟ್ಟಿಲ್ಲ. ಆದ್ರೆ ಎರಡು ಬೇರೆ ಕಂಪನಿ ಡಬ್ಬಿ ಇದ್ದೋರು ಬಿಸಾಕಬೇಕಾಗಿಲ್ಲ, ಮಧ್ಯೆ ಲ್ಯಾನ್ ಕೇಬಲ್ ಎಳೀರಿ, ಎರಡನೇದನ್ನ ಬರೀ ವೈಫೈ ಹಂಚೋ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಹೆಸರು ಪಾಸ್‌ವರ್ಡ್ ಸೆಕ್ಯೂರಿಟಿ ಮೂರೂ ಒಂದೇ ಇಡಿ, ಚಾನೆಲ್ ಮಾತ್ರ ಬೇರೆ ಇರಲಿ. ಫೋನ್ ತಾನೇ ಒಂದರಿಂದ ಒಂದಕ್ಕೆ ಹೋಗುತ್ತೆ. ಕೇಬಲ್ಲಿಗೆ ಯಾವ ಕಂಪನಿ ಅನ್ನೋ ಭೇದ ಇಲ್ಲ.

ಅಂಧೇರಿ_ಕುಂದಾಪುರ
ನಮ್ಮ ಹೋಟ್ಲಿಂದೂ ಒಂದು ಉಂಟು ಮಾರಾಯ್ರೆ, ಸ್ವಲ್ಪ ನೋಡಿ ಹೇಳಿ. ಅಂಧೇರಿ ಈಸ್ಟಲ್ಲಿ ಹೋಟ್ಲು. ಕ್ಯಾಪ್ಟನ್ ಟ್ಯಾಬ್ಲೆಟಲ್ಲಿ ಆರ್ಡರ್ ಹೊಡೆದ್ರೆ ಒಳಗೆ ಅಡಿಗೆಮನೆ ಪ್ರಿಂಟರಲ್ಲಿ ಕೆಓಟಿ, ಅಂದ್ರೆ ಆರ್ಡರ್ ಚೀಟಿ, ಬರ್ಬೇಕು. ಮೊನ್ನೆ ಒಬ್ಬ ಹುಡುಗ ಬಂದು ವೈಫೈ ಎಲ್ಲ ಹೊಸ್ತಾಗಿ ಮಾಡಿ ಹೋದ, ಆವತ್ತಿಂದ ಟ್ಯಾಬ್ಲೆಟಲ್ಲಿ ಇಂಟರ್ನೆಟ್ ಬರ್ತದೆ, ಪ್ರಿಂಟರಲ್ಲೂ ಲೈಟ್ ಉಂಟು, ಆದ್ರೆ ಕೆಓಟಿ ಮಾತ್ರ ಇಲ್ಲ. ಮಧ್ಯಾಹ್ನ ರಶ್ಶಿಗೆ ಹುಡುಗ್ರು ಚೀಟಿಯಲ್ಲಿ ಬರ್ದು ಓಡುದು. ಪ್ರಿಂಟರ್ ಹಾಳಾಯ್ತಾ ಎಂತ?

ಮುಲುಂಡ್_ಕೇಬಲ್
ಟ್ಯಾಬ್ಲೆಟ್ ಯಾವ ವೈಫೈಗೆ ಸೇರಿದೆ ನೋಡಿ ಶೆಟ್ರೇ. ಗಿರಾಕಿಗಳಿಗೆ ಅಂತ ಇಟ್ಟಿರೋ ಗೆಸ್ಟ್ ವೈಫೈನಾ?

ಅಂಧೇರಿ_ಕುಂದಾಪುರ
ಹೌದು, ಗೆಸ್ಟ್ ಅಂತ ಉಂಟು ಅದಕ್ಕೆ. ನಾನು ಶೆಟ್ರಲ್ಲ, ಆಚಾರ್ರು :)

ಮುಲುಂಡ್_ಕೇಬಲ್
ಆಯ್ತು ಆಚಾರ್ರೇ. ಗೆಸ್ಟ್ ವೈಫೈಯಲ್ಲಿ ಇರೋ ಸಾಮಾನು ಬರೀ ಇಂಟರ್ನೆಟ್ ನೋಡಬಹುದು, ಒಳಗಿನ ಬೇರೆ ಸಾಮಾನು ಮುಟ್ಟೋ ಹಾಗಿಲ್ಲ, ಐಸೋಲೇಶನ್ ಅಂತಾರೆ. ಗಿರಾಕಿ ಫೋನಿಂದ ನಿಮ್ಮ ಬಿಲ್ಲಿಂಗ್ ಕಂಪ್ಯೂಟರ್ ಕಾಣಬಾರದು ಅಂತಲೇ ಅದು ಇರೋದು, ಹಾಗಾಗಿ ಅದನ್ನ ತೆಗೀಬೇಡಿ. ಟ್ಯಾಬ್ಲೆಟನ್ನ ಪ್ರಿಂಟರ್ ಇರೋ ವೈಫೈಗೆ ಸೇರಿಸಿ. ಪ್ರಿಂಟರಿಗೆ ಲ್ಯಾನ್ ಪೋರ್ಟ್ ಇದ್ರೆ ವೈರ್ ಹಾಕಿ ಐಪಿ ನಂಬರ್ ಫಿಕ್ಸ್ ಮಾಡಿಬಿಡಿ, ದಿನಾ ಬದಲಾಗೋ ನಂಬರ್ ಇದ್ರೆ ಇನ್ನೊಂದು ದಿನ ಮತ್ತೆ ಕೈ ಕೊಡುತ್ತೆ.

ಅಂಧೇರಿ_ಕುಂದಾಪುರ
ಬಂತು ಬಂತು!! ಈಗ ಹೊಡೆದ್ರೆ ಕೆಓಟಿ ಬಂತು. ದೇವ್ರು ಒಳ್ಳೇದು ಮಾಡ್ಲಿ ನಿಮ್ಗೆ, ಮಾಟುಂಗಾ ಕಡೆ ಅಲ್ಲ, ನಮ್ಮಲ್ಲಿಗೇ ಬನ್ನಿ ಊಟಕ್ಕೆ. ಇನ್ನೊಂದು ಕೇಳ್ತೇನೆ ಬೇಜಾರು ಮಾಡ್ಬೇಡಿ, ಗಲ್ಲಾದ ಹತ್ರ ಟಿವಿ ಉಂಟು, ಅದಕ್ಕೆ 5ರ ವೈಫೈ ಒಮ್ಮೆ ಸಿಗ್ತದೆ ಒಮ್ಮೆ ಸಿಗುದೇ ಇಲ್ಲ. ಫೋನಿಗೆ ಮಾತ್ರ ಯಾವಾಗ್ಲೂ ಕಾಣ್ತದೆ.

ಮುಲುಂಡ್_ಕೇಬಲ್
ರೌಟರಲ್ಲಿ 5ರ ಚಾನೆಲ್ ಆಟೋದಲ್ಲಿದ್ರೆ ಅದು ಕೆಲವೊಮ್ಮೆ 52ರಿಂದ 144ರ ಒಳಗೆ ಹೋಗಿ ಕೂರುತ್ತೆ. ಆ ಚಾನೆಲ್‌ಗಳಿಗೆ ಡಿಎಫ್ಎಸ್ ನಿಯಮ ಇದೆ, ಯಾಕಂದ್ರೆ ಅದೇ ಜಾಗದಲ್ಲಿ ರಾಡಾರ್‌ಗಳೂ ಕೆಲಸ ಮಾಡುತ್ತೆ. ರೌಟರ್ ಅಲ್ಲಿ ಶುರು ಮಾಡೋಕೆ ಮುಂಚೆ 60 ಸೆಕೆಂಡ್ ಸುಮ್ಮನೆ ಕಿವಿ ಕೊಟ್ಟು ಕೂರಬೇಕು, ಮಧ್ಯೆ ರಾಡಾರ್ ಕೇಳಿಸಿದ್ರೆ 10 ಸೆಕೆಂಡಲ್ಲಿ ಜಾಗ ಖಾಲಿ ಮಾಡಬೇಕು, ಮತ್ತೆ 30 ನಿಮಿಷ ಆ ಕಡೆ ತಲೆ ಹಾಕಬಾರದು. ಕೆಲವು ಟಿವಿ, ಸ್ಟ್ರೀಮಿಂಗ್ ಸ್ಟಿಕ್ ಈ ಚಾನೆಲ್‌ಗಳನ್ನ ನೋಡೋದೇ ಇಲ್ಲ, ಫೋನು ನೋಡುತ್ತೆ. ಚಾನೆಲ್ 36ರಿಂದ 48ರ ಒಳಗೆ ಇಲ್ಲಾ 149ರಿಂದ 161ರ ಒಳಗೆ ಫಿಕ್ಸ್ ಮಾಡಿ.

ಜೋಗೇಶ್ವರಿ_ಕಾರವಾರ
ರಾಡಾರ್ ಅಂದಿದ್ದಕ್ಕೆ ನೆನಪಾಯ್ತು, ಹವಾಮಾನ ಇಲಾಖೆಯ ಎರಡನೇ ಡಾಪ್ಲರ್ ರಾಡಾರ್ ನಮ್ಮ ಕಡೆ ವೆರಾವಳಿಯಲ್ಲೇ ಇದೆ ಅಲ್ವಾ? ಕೊಲಾಬಾದ್ದು ಎಸ್ ಬ್ಯಾಂಡು, ಇದು ಸಿ ಬ್ಯಾಂಡು. ನಮ್ಮ ಮನೆ 5ರ ವೈಫೈ ಆಗಾಗ ಒಂದು ನಿಮಿಷ ಮಾಯ ಆಗಿ ಬರೋದು ಅದರಿಂದಲೇನಾ?

ಮುಲುಂಡ್_ಕೇಬಲ್
ಸಿ ಬ್ಯಾಂಡ್ ಹವಾಮಾನ ರಾಡಾರ್ 5.6 ಗಿಗಾ ಆಸುಪಾಸಲ್ಲಿ ಕೆಲಸ ಮಾಡೋದು, ಚಾನೆಲ್ 120ರ ಹತ್ತಿರ. ಅದರಿಂದಲೇ ಅಂತ ಇಲ್ಲಿ ಕೂತು ಹೇಳೋಕಾಗಲ್ಲ, ರೌಟರ್ ಲಾಗಲ್ಲಿ ರಾಡಾರ್ ಡಿಟೆಕ್ಟೆಡ್ ಅಂತ ಸಾಲು ಇದ್ಯಾ ನೋಡಿ. ಇದ್ರೆ ಚಾನೆಲ್ ಬದಲಿಸಿ, ರಾಡಾರ್ ಅಂತೂ ಬದಲಾಗಲ್ಲ.

ವಾಸ್ಕೋ_ಗದಗ
ಗೋವಾದಿಂದ ಬರ್ಯಾಕತ್ತೀನ್ರಿ. ನಮ್ಮ ಅಳಿಯ ಹಡಗಿನ್ಯಾಗ ಕೆಲಸ ಮಾಡ್ತಾನ, ಅಮೆರಿಕಾದಿಂದ ಟಿವಿಗೆ ಹಚ್ಚೋ ಸ್ಟಿಕ್ ತಂದು ಕೊಟ್ಟಾನ. ಅದು ಅವನ ಫೋನ್ ಹಾಟ್‌ಸ್ಪಾಟ್ ಹಿಡೀತೈತಿ, ನಮ್ಮನಿ ವೈಫೈ ಪಟ್ಟ್ಯಾಗ ಬರಂಗಿಲ್ಲ. 2.4 ಬ್ಯಾರೆ ಹೆಸರು ಕೊಟ್ಟೂ ನೋಡಿದ್ವಿ. ನಮ್ಮ ರೌಟರ್ ಚಾನೆಲ್ 13 ಅಂತ ತೋರಸ್ತೈತಿ.

ಮಾಟುಂಗಾ_ಶಿವಮೊಗ್ಗ
ಕಾರಣ ನೀವೇ ಬರೆದಿದೀರಿ ಕಾಕಾ. ನಮ್ಮ ದೇಶದಲ್ಲಿ 2.4ರಲ್ಲಿ 1ರಿಂದ 13 ಚಾನೆಲ್ ನಡೆಯುತ್ತೆ, ಅಮೆರಿಕಾಕ್ಕೆ ಅಂತ ತಯಾರಿಸಿದ ಸಾಮಾನು ಸಾಮಾನ್ಯವಾಗಿ 11ಕ್ಕೆ ನಿಂತುಬಿಡುತ್ತೆ. ರೌಟರಲ್ಲಿ 1, 6 ಇಲ್ಲಾ 11 ಹಾಕಿ, ಕಂಡೇ ಕಾಣುತ್ತೆ.

ವಾಸ್ಕೋ_ಗದಗ
11 ಹಾಕಿದೆ, ಬಂತ್ ನೋಡ್ರಿ! ಇಲ್ಲಿ ರಿಪೇರಿಯವ ಸ್ಟಿಕ್ ಕೆಟ್ಟೈತಿ ಅಂತ ಹೇಳಿ ಕಳ್ಸಿದ್ದ. ನಿಮಗ ಭಾಳ ಉಪಕಾರ ಆತು. ಹಂಗ ಇನ್ನೊಂದು, ಮಳಿಗಾಲದಾಗ ಇಲ್ಲಿ ಕರೆಂಟ್ ಹೋಗೋದು ಬರೋದು ಭಾಳ, ರೌಟರಿಗೆ ಸಣ್ಣ ಯುಪಿಎಸ್ ಸಿಗ್ತೈತಂತಲ್ಲ, ಯಾವ್ದು ಹಾಕ್ಲಿ?

ವಾಶಿ_ಮಂಡ್ಯ
ಅಡಾಪ್ಟರ್ ಮೇಲೆ ಎಷ್ಟು ವೋಲ್ಟು ಎಷ್ಟು ಆಂಪಿಯರ್ ಅಂತ ಬರೆದಿರುತ್ತೆ, ವೋಲ್ಟು ಅಷ್ಟೇ ಇರ್ಬೇಕು, ಆಂಪಿಯರ್ ಅಷ್ಟು ಇಲ್ಲಾ ಜಾಸ್ತಿ. 12 ವೋಲ್ಟ್ 2 ಆಂಪಿಯರ್ ರೌಟರಿಗೆ 1 ಆಂಪಿಯರ್‌ದು ಹಾಕಿದ್ರೆ ಜನ ಜಾಸ್ತಿ ಬಳಸೋ ಹೊತ್ತಿಗೆ ರೀಸ್ಟಾರ್ಟ್ ಆಗ್ತಾ ಇರುತ್ತೆ, ಅದನ್ನೂ ವೈಫೈ ಪ್ರಾಬ್ಲಂ ಅಂದ್ಕೋತಾರೆ ಜನ.

ಕೋಥ್ರುಡ್_ಹಾಸನ
ಇಲ್ಲಿ ಯಾರೂ ಹೇಳದ ಒಂದು ಹೇಳ್ತೀನಿ. ನಾನು ಅಭಿಮಾನದಿಂದ ಮನೆ ವೈಫೈಗೆ ಕನ್ನಡ ಲಿಪಿಯಲ್ಲೇ ಹೆಸರಿಡೋಣ ಅಂತ ಶ್ರೀಗಂಧದಮನೆ ಅಂತ ಟೈಪ್ ಮಾಡಿದ್ರೆ ರೌಟರ್ ತಗೊಳ್ಳಲ್ಲ, ಉದ್ದ ಆಯ್ತು ಅನ್ನುತ್ತೆ. ಇಂಗ್ಲಿಷಲ್ಲಿ ಇದರ ಎರಡರಷ್ಟು ಉದ್ದ ತಗೊಳ್ಳುತ್ತೆ. ಯಾಕೆ?

ಮಾಟುಂಗಾ_ಶಿವಮೊಗ್ಗ
ವೈಫೈ ಹೆಸರಿಗೆ ಮಿತಿ 32 ಬೈಟು. ಇಂಗ್ಲಿಷ್ ಅಕ್ಷರ ಒಂದಕ್ಕೆ ಒಂದು ಬೈಟು, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು, ಒತ್ತು ದೀರ್ಘ ಸೊನ್ನೆ ಎಲ್ಲಾ ಬೇರೆ ಬೇರೆ ಲೆಕ್ಕ. ಶ್ರೀ ಒಂದಕ್ಕೇ ಶ, ಹಲಂತ, ರ, ದೀರ್ಘ ಅಂತ ನಾಲ್ಕು. ಒಟ್ಟು ಎಣಿಸಿದ್ರೆ 11 ಚಿಹ್ನೆ, 33 ಬೈಟು, ಒಂದೇ ಒಂದು ಬೈಟ್ ಹೆಚ್ಚಾಗಿದೆ ನಿಮಗೆ. ಗಂಧದಮನೆ ಅಂತ ಇಡಿ, 7 ಚಿಹ್ನೆ, 21 ಬೈಟಲ್ಲಿ ಮುಗಿಯುತ್ತೆ. ಆದ್ರೆ ಫೋನು ಲ್ಯಾಪ್‌ಟಾಪ್ ಬಳಸೋ 5ಕ್ಕೆ ಕನ್ನಡ ಹೆಸರಿಡಿ, ಪ್ಲಗ್ ಕ್ಯಾಮೆರಾ ಸೇರೋ 2.4ಕ್ಕೆ ಇಂಗ್ಲಿಷಲ್ಲಿ ಸ್ಪೇಸ್ ಇಲ್ಲದ ಹೆಸರೇ ಇರಲಿ, ಆ ಸಣ್ಣ ಸಾಮಾನಿನ ಸಾಫ್ಟ್‌ವೇರು ಕನ್ನಡ ಓದೋ ಹಾಗೆ ಬರೆದಿರಲ್ಲ ಎಷ್ಟೋ ಸಲ. ಇದು ಬದಲಾಗಬೇಕು, ನಮ್ಮ ಲಿಪಿಯಲ್ಲಿ ಮನೆ ಹೆಸರು ಬರೆಯೋ ಹಕ್ಕು ವೈಫೈಗೂ ಬರಬೇಕು.

ಕೋಥ್ರುಡ್_ಹಾಸನ
ಗಂಧದಮನೆ ಆಯ್ತು. ಪಕ್ಕದ ಮನೆ ಮರಾಠಿಯವರು ಇದೇನು ಲಿಪಿ ಅಂತ ಕೇಳ್ಕೊಂಡು ಬಂದ್ರು, ಅವರೂ ಮರಾಠಿಯಲ್ಲಿ ಇಡ್ತಾರಂತೆ.

ನಾಲಾಸೋಪಾರಾ_ವಿಜಯಪುರ
2.4ಕ್ಕ ಡಬ್ಲ್ಯೂಪಿಎ2 ಇಡ್ರಿ ಅಂತ ಸಲೀಸಾಗಿ ಹೇಳಾಕತ್ತೀರಿ, ಸೆಕ್ಯೂರಿಟಿ ಇಳಿಸಿದಂಗ ಆಗಂಗಿಲ್ಲೇನು? 2017ರಾಗ ಕ್ರ್ಯಾಕ್ ಅಂತ ದೊಡ್ಡ ಗದ್ದಲ ಆಗಿತ್ತು ಡಬ್ಲ್ಯೂಪಿಎ2ರಾಗ. ಹಳೇ ಪ್ರಿಂಟರ್ ಸಲುವಾಗಿ ಮನಿ ಬಾಗಿಲಾ ತಗದ್ ಇಡೋದು ನನಗ ಸರಿ ಕಾಣ್ಸೂದಿಲ್ಲ.

ಮುಲುಂಡ್_ಕೇಬಲ್
ಒಳ್ಳೇ ಪ್ರಶ್ನೆ. ಕ್ರ್ಯಾಕ್ ತೂತು ಸಾಫ್ಟ್‌ವೇರ್ ಅಪ್‌ಡೇಟಲ್ಲಿ ಮುಚ್ಚುವಂಥದ್ದು, ಅಪ್‌ಡೇಟ್ ಬರದ ಹಳೇ ಕ್ಯಾಮೆರಾದಂಥದ್ದು ಇದ್ರೆ ನಿಮ್ಮ ಚಿಂತೆ ನ್ಯಾಯ. ಡಬ್ಲ್ಯೂಪಿಎ2ರ ಇನ್ನೊಂದು ದೌರ್ಬಲ್ಯ ಅಂದ್ರೆ ಯಾರಾದ್ರೂ ಕನೆಕ್ಟ್ ಆಗೋ ಹೊತ್ತಿನ ಸಂದೇಶ ಹಿಡ್ಕೊಂಡು ಹೋಗಿ ಮನೇಲಿ ಕೂತು ಪಾಸ್‌ವರ್ಡ್ ಊಹಿಸ್ತಾ ಹೋಗಬಹುದು, 3ರಲ್ಲಿ ಆ ದಾರಿ ಮುಚ್ಚಿದಾರೆ. ಅದಕ್ಕೇ 2.4ರ ಪಾಸ್‌ವರ್ಡ್ ಉದ್ದ ಇರಲಿ, ಮಿತಿ 63 ಅಕ್ಷರದವರೆಗೂ ಇದೆ, ಫೋನ್ ನಂಬರ್ ಫ್ಲ್ಯಾಟ್ ನಂಬರ್ ಇಡಬೇಡಿ. 5ರ ಪಾಸ್‌ವರ್ಡ್ ಬೇರೆ ಇರಲಿ. ಪ್ಲಗ್ ಬಲ್ಬ್‌ಗಳನ್ನ ಗೆಸ್ಟ್ ವೈಫೈಗೆ ಹಾಕಿದ್ರೂ ನಡೆಯುತ್ತೆ, ಅವಕ್ಕೆ ಇಂಟರ್ನೆಟ್ ಸಾಕು, ಪ್ರಿಂಟರ್ ಮಾತ್ರ ಹಾಕಬೇಡಿ, ಆಚಾರ್ರ ಕಥೆ ಆಗುತ್ತೆ. ಯಾರಾದ್ರೂ ಡಬ್ಲ್ಯೂಇಪಿ ಇಲ್ಲಾ ಟಿಕೆಐಪಿ ಅನ್ನೋ ಇನ್ನೂ ಹಳೇ ಬೀಗ ಹಾಕಿ ಅಂದ್ರೆ ಮಾತ್ರ ಕೇಳಲೇಬೇಡಿ, ಭದ್ರತೆಯೂ ಹೋಗುತ್ತೆ, ಅದಕ್ಕೆ ಇಳಿದ ತಕ್ಷಣ ವೇಗವೂ ಹಳೇ 54 ಎಂಬಿಪಿಎಸ್ ಕಾಲಕ್ಕೆ ಹೋಗಿ ನಿಲ್ಲುತ್ತೆ.

ಠಾಣೆ_ಧಾರವಾಡ
ಎಲ್ಲಾರೂ ಹೇಳಿದ್ದು ಓದಿದೆ. ಒಂದ್ ತೊಡಕು ಬಂತ್ರಿ, ನಮ್ಮ ರೌಟರ್ ಸೆಟಿಂಗ್ ಪೇಜಿನ್ಯಾಗ ಹೆಸರು, ಪಾಸ್‌ವರ್ಡ್ ಬಿಟ್ರ ಏನೂ ಕಾಣಂಗಿಲ್ಲ. ಉಳಿದದ್ದೆಲ್ಲಾ ಕಂಪನಿ ಮುಚ್ಚಿಟ್ಟೈತಿ. ಈ ಡಬ್ಬಿ ತಗದು ನಂದ ರೌಟರ್ ತಂದು ಫೈಬರ್ ಅದಕ್ಕ ಚುಚ್ಚಲೇನು?

ಮುಲುಂಡ್_ಕೇಬಲ್
ಬೇಡ. ಅಂಗಡಿಯ ರೌಟರಿಗೆ ಹೆಚ್ಚಾಗಿ ಲ್ಯಾನ್ ಕೇಬಲ್ ಪೋರ್ಟ್ ಇರುತ್ತೆ, ಫೈಬರ್ ಪೋರ್ಟ್ ಇರಲ್ಲ. ಇದ್ರೂ ನಿಮ್ಮ ಡಬ್ಬಿಯ ಸೀರಿಯಲ್ ನಂಬರ್ ಕಂಪನಿಯ ಕಡೆ ರಿಜಿಸ್ಟರ್ ಆಗಿರುತ್ತೆ, ಬೇರೆಯದು ಹಾಕಿದ್ರೆ ಲೈನ್ ಎದ್ದೇಳಲ್ಲ. ಇನ್ನು ಹಸಿರು ಮೂತಿಯ ಫೈಬರ್ ಕನೆಕ್ಟರ್ ಓರೆಯಾಗಿ ಉಜ್ಜಿದ್ದು, ನೀಲಿದು ನೇರ, ಒಂದನ್ನ ಇನ್ನೊಂದಕ್ಕೆ ಚುಚ್ಚಿದ್ರೆ ಸಿಗ್ನಲ್ ಹಾಳು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಹಳೇ ಸಾಮಾನು ಕನೆಕ್ಟ್ ಆಗ್ತಿಲ್ಲ ಅಂತ ಹೇಳಬೇಡಿ, ಅದಕ್ಕೆ ಅವರ ಹತ್ರ ರೆಡಿ ಉತ್ತರ ಇರುತ್ತೆ. ಬ್ಯಾಂಡ್ ಸ್ಟೀರಿಂಗ್ ಆಫ್ ಮಾಡಿ, 2.4ಕ್ಕೆ ಡಬ್ಲ್ಯೂಪಿಎ2 ಹಾಕಿ ಅಂತ ಇದೇ ಪದಗಳಲ್ಲಿ ಹೇಳಿ (ಸ್ಟೀರಿಂಗ್ ಅಂದ್ರೆ ರೌಟರ್ ತಾನೇ ಸಾಮಾನನ್ನ 5ಕ್ಕೆ ತಳ್ಳೋದು), ಎರಡನೇ ಹಂತದ ಟೆಕ್ನಿಶಿಯನ್ನಿಗೆ ಕೊಡಿ ಅನ್ನಿ. ಟಿಆರ್-069 ಅನ್ನೋ ಪದ್ಧತೀಲಿ ಅವರು ಕೂತ ಕಡೆಯಿಂದಲೇ ನಿಮ್ಮ ಡಬ್ಬಿಯ ಸೆಟಿಂಗ್ ಬದಲಿಸಬಹುದು, ಯಾರೂ ಮನೆಗೆ ಬರಬೇಕಾಗಿಲ್ಲ. ಒಪ್ಪದೇ ಇದ್ರೆ ಮನೇಲಿ ಬಿದ್ದಿರೋ ಹಳೇ ರೌಟರನ್ನ ಆಕ್ಸೆಸ್ ಪಾಯಿಂಟ್ ಮಾಡಿ ಕೇಬಲ್ಲಲ್ಲಿ ಇದಕ್ಕೆ ಜೋಡಿಸಿ, ಹಳೇ ಸಾಮಾನೆಲ್ಲ ಅದಕ್ಕೆ ಸೇರಿಸಿ.

ಠಾಣೆ_ಧಾರವಾಡ
ನೀವ್ ಹೇಳಿದ ಪದಾ ಹೇಳಿದ ಕೂಡ್ಲೆ ಆ ಹುಡುಗಿ ಲೈನ್ ಬ್ಯಾರೆಯವ್ರಿಗೆ ಕೊಟ್ಳು, ಅಲ್ಲೇ ಕುಂತ್ ಮಾಡಿಕೊಟ್ರು. ಪ್ರಿಂಟರ್ ಬಂತು, ಪ್ಲಗ್ಗೂ ಬಂತು. ಲ್ಯಾಪ್‌ಟಾಪ್ ಇನ್ನೂ ಇಲ್ಲ, ಡ್ರೈವರ್ ಇಳಿಸ್ಕೊಳ್ಳಾಕ ನೆಟ್ ಬೇಕಲ್ರಿ ಅದಕ್ಕ.

ವಾಶಿ_ಮಂಡ್ಯ
ಫೋನನ್ನ ಯುಎಸ್‌ಬಿ ಕೇಬಲಲ್ಲಿ ಲ್ಯಾಪ್‌ಟಾಪಿಗೆ ಸೇರ್ಸಿ ಟೆದರಿಂಗ್ ಆನ್ ಮಾಡಿ, ವೈಫೈ ಬೇಕಾಗಲ್ಲ.

ಠಾಣೆ_ಧಾರವಾಡ
ಆತ್ರಿ, ಡ್ರೈವರ್ ಹಾಕಿದ ಮ್ಯಾಲೆ ನಮ್ಮ ವೈಫೈ ಕಂಡು ಕೂಡ್ತು. ಒಂದ್ ರೂಪಾಯಿ ಖರ್ಚಿಲ್ಲ. ಎಲ್ಲಾರಿಗೂ ಶರಣು.

ಕೋಥ್ರುಡ್_ಹಾಸನ
2.4ಗೆ ಸಂಬಂಧಪಟ್ಟಿದ್ದೇ ಇನ್ನೊಂದು. ರೌಟರ್ ಹಿಂದಿನ ಯುಎಸ್‌ಬಿ 3 ಪೋರ್ಟಿಗೆ ಹಾರ್ಡ್ ಡಿಸ್ಕ್ ಹಾಕಿರೋರು ಒಂದ್ಸಲ ಅದನ್ನ ತೆಗೆದು ನೋಡಿ. ಯುಎಸ್‌ಬಿ 3 ಕೇಬಲ್ಲಿನ ಗದ್ದಲ 2.4 ಗಿಗಾಹರ್ಟ್ಸ್ ಮೇಲೆ ಬೀಳುತ್ತೆ ಅಂತ ಇಂಟೆಲ್ 2012ರಲ್ಲೇ ಪ್ರಬಂಧ ಬರೆದು ತೋರಿಸಿದೆ. ವೈರ್‌ಲೆಸ್ ಮೌಸ್ ಕೂಡ ಇದೇ ಕಾರಣಕ್ಕೆ ತಡವರಿಸುತ್ತೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಪುಣೆಯ ಟಪ್‌ಕೀರ್ ಗಲ್ಲಿಯಲ್ಲಿ ಮೂರು ಅಂಗಡಿಯವರಿಗೆ ಹೇಳಿದೆ, ಯಾರೂ ನಂಬಲಿಲ್ಲ.

ಅಂಧೇರಿ_ಕುಂದಾಪುರ
ಟಪ್‌ಕೀರ್ ಗಲ್ಲಿಗಿಂತ ನಮ್ಮ ಲ್ಯಾಮಿಂಗ್ಟನ್ ರೋಡೇ ಒಳ್ಳೇದು, ಬಿಲ್ ಕೇಳಿದ್ರೆ ಕೊಡ್ತಾರೆ.

ಔಂಧ್_ಬೆಳಗಾವಿ
ಲ್ಯಾಮಿಂಗ್ಟನ್ ರೋಡಿನ್ಯಾಗ ವೈಫೈ 7 ರೌಟರ್ ನೋಡ್ಕೊಂಡ್ ಬಂದೀನಿ, ಅಮೆರಿಕಾದಿಂದ ತಂದಿದ್ದಂತ, 6 ಗಿಗಾಹರ್ಟ್ಸ್ ಐತಿ ಅಂದ. ಮುಲುಂಡ್ ಸರ್, ತಗೊಳ್ಲೇನು?

ಮುಲುಂಡ್_ಕೇಬಲ್
ಅಮೆರಿಕಾದ್ದು ಬೇಡ. ಅಲ್ಲಿ 2020ರಲ್ಲಿ 6 ಗಿಗಾದ 1200 ಮೆಗಾಹರ್ಟ್ಸ್ ಪೂರ್ತಿ ಬಿಟ್ಟುಕೊಟ್ರು, ನಮ್ಮಲ್ಲಿ 2025ರ ಮೇ ತಿಂಗಳಲ್ಲಿ ಸರ್ಕಾರ ಕರಡು ನಿಯಮ ಹೊರಡಿಸಿದ್ದು ಕೆಳಗಿನ 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ ಭಾಗಕ್ಕೆ ಮಾತ್ರ. ಅಲ್ಲಿನ ರೌಟರ್ ಅಲ್ಲಿನ ಚಾನೆಲ್ ಪಟ್ಟಿ ಇಟ್ಕೊಂಡು ಬರುತ್ತೆ, ದೇಶ ಬದಲಿಸೋಕೆ ಎಷ್ಟೋ ಸಲ ಬಿಡಲ್ಲ. ಇಲ್ಲಿ ಮಾರೋ ವೈರ್‌ಲೆಸ್ ಸಾಮಾನಿಗೆ ಸರ್ಕಾರದ ವೈರ್‌ಲೆಸ್ ವಿಭಾಗ ಡಬ್ಲ್ಯೂಪಿಸಿಯ ಇಟಿಎ ಅನ್ನೋ ಒಪ್ಪಿಗೆ ಬೇಕು, ಅದರ ನಂಬರ್ ಕೇಳಿ, ಇಲ್ಲ ಅಂದ್ರೆ ಬಿಟ್ಟು ಬನ್ನಿ.

ಇಲ್ಲಿನ ವೈಫೈ 7 ರೌಟರೇ ತಗೊಂಡ್ರೂ ಎಂಎಲ್ಓ ಅಂತ ಒಂದು ಇರುತ್ತೆ, ಎರಡು ಮೂರು ಬ್ಯಾಂಡನ್ನ ಒಟ್ಟಿಗೆ ಬಳಸೋ ವ್ಯವಸ್ಥೆ. ಅದು ಡಬ್ಲ್ಯೂಪಿಎ3 ಇಲ್ಲದೆ ಓಡಲ್ಲ, ಹಾಗಾಗಿ ಆ ಹೆಸರಿಗೆ ಹಳೇ ಪ್ಲಗ್ ಪ್ರಿಂಟರ್ ಸೇರಿಸೋಕೆ ಹೋಗಬೇಡಿ. ಅವಕ್ಕೆ ಬೇರೆ ಹೆಸರು ಕೊಡೋ ಸೌಲಭ್ಯ ಆ ರೌಟರಲ್ಲಿ ಇದ್ಯಾ ಅಂತ ಅಂಗಡಿಯಲ್ಲೇ ಪೇಜ್ ತೆಗೆಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಔಂಧ್_ಬೆಳಗಾವಿ
ಶನಿವಾರ ಹೊಕ್ಕೀನಿ ಹಂಗಾರ, ಪೇಜ್ ತಗಸಿ ಫೋಟೋ ಹಾಕ್ತೀನಿ ಇಲ್ಲೇ, ನೀವು ನೋಡಿ ಹೇಳ್ರಿ.